ಕಟ್ಟಿದ ಬಚ್ಚಲಿಗೆ ವಿಷ ಮದ್ದಲ್ಲ

ಮಲೆನಾಡಿನ ಹಳೆಯ ಮನೆಗಳಲ್ಲಿ ಬಚ್ಚಲ ನೀರು ಕಣ್ಣೆದುರಿಗೇ ಹರಿದು ಹಿತ್ತಿಲಿನ ಬಾಳೆ, ಕೆಸುವಿನ ಬುಡ ಸೇರುತ್ತಿತ್ತು. ಕಾಲುವೆ ಕಟ್ಟಿಕೊಂಡರೆ ಒಂದು ಕೋಲಿನಿಂದ ಕೆದಕಿದರೆ ಸಾಕಿತ್ತು. ಇಂದು ಅನೇಕ ಮನೆಗಳಲ್ಲಿ ಆ ಕಾಲುವೆಯ ಬದಲು ನೆಲದಡಿಯ ಪಿವಿಸಿ ಕೊಳವೆಯಿದೆ. ನೀರು ಮಾತ್ರ ಅಂದಿನಂತೆ ತೋಟಕ್ಕೋ ಇಂಗುಗುಂಡಿಗೋ ಹೋಗುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಅಷ್ಟೆ. ಕಾಣದ ಕಾರಣದಿಂದಲೇ, ಬಚ್ಚಲಿನಲ್ಲಿ ನೀರು ನಿಂತೊಡನೆ ಪೇಟೆಯಿಂದ ಪುಡಿಯ ಪೊಟ್ಟಣವನ್ನೋ ಆಸಿಡ್ ಬಾಟಲಿಯನ್ನೋ ತಂದು ಸುರಿಯಲು ಯಾರೂ ಅಳುಕುವುದಿಲ್ಲ.

ಇಂಥ ಪುಡಿಗಳ ಮುಖ್ಯ ಅಂಶ ಸಾಮಾನ್ಯವಾಗಿ ಕಾಸ್ಟಿಕ್ ಸೋಡಾ. ಅದು ಕೂದಲನ್ನೂ ಜಿಡ್ಡನ್ನೂ ಕರಗಿಸುವುದು ನಿಜ. ಆದರೆ ಕೂದಲನ್ನು ಕರಗಿಸುವ ವಸ್ತು ಚರ್ಮವನ್ನಾಗಲಿ ಕಣ್ಣನ್ನಾಗಲಿ ಬಿಡದು. ನೀರು ತಗುಲಿದಾಗ ತೀವ್ರ ಶಾಖ ಹೊಮ್ಮಿ ಸಿಡಿಯಲೂಬಹುದು. ಅದರ ಮೇಲೆ ಆಸಿಡ್ ಸುರಿದರೆ ಅಪಾಯ ಇಮ್ಮಡಿಯಾಗುತ್ತದೆ. ಬ್ಲೀಚಿಂಗ್ ಪುಡಿಯೊಡನೆ ಆಸಿಡ್ ಬೆರೆತರೆ ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ.

ಮಣ್ಣಿನ ಮಾತು ಬೇರೆಯೇ ಇದೆ. ಒಂದು ಪೊಟ್ಟಣದಿಂದ ತೋಟ ಹಾಳಾಗದು. ಆದರೆ ಒಂದೇ ಜಾಗಕ್ಕೆ ಮತ್ತೆ ಮತ್ತೆ ಸೋಡಿಯಂ ಸೇರುತ್ತ ಬಂದರೆ ಜೇಡಿಮಣ್ಣಿನ ಕಣಗಳು ಚದುರಿ, ಮಣ್ಣಿನ ರಂಧ್ರಗಳನ್ನು ಮುಚ್ಚುತ್ತವೆ, ನೀರು ಇಂಗದಾಗುತ್ತದೆ. ಬಚ್ಚಲ ಬಾಯಿ ತೆರೆಯಹೋಗಿ ನೆಲದ ಬಾಯಿ ಕಟ್ಟಿದಂತಾಗುತ್ತದೆ.

ಅಷ್ಟಕ್ಕೂ ಕಟ್ಟಿಕೊಂಡಿರುವುದು ಏನು? ಕೂದಲು, ಅದಕ್ಕೆ ಅಂಟಿದ ಸಾಬೂನಿನ ಜಿಡ್ಡು, ಸೀಗೆಪುಡಿಯ ಗಸಿ. ಬಹುಪಾಲು ಜಾಲರಿಯ ಕೆಳಗೆ ಒಂದು ಗೇಣಿನೊಳಗೇ ಇರುತ್ತದೆ. ಜಾಲರಿ ತೆಗೆದು, ತುದಿ ಬಾಗಿಸಿದ ತಂತಿಯಿಂದ ಎಳೆದರೆ ಉಂಡೆಯಾಗಿ ಬರುತ್ತದೆ. ಬಳಿಕ ಹಂಡೆಯ ಬಿಸಿನೀರು ಹೊಯ್ಯಬೇಕು. ಕುದಿಯುವ ನೀರು ಸಲ್ಲದು, ಪಿವಿಸಿ ಸುಮಾರು 80 ಡಿಗ್ರಿ ಸೆಲ್ಸಿಯಸ್‌ನಲ್ಲೇ ಮೆತ್ತಗಾಗುತ್ತದೆ. ಆಗಲೂ ನೀರು ನಿಧಾನವಾದರೆ ರಬ್ಬರ್ ಬಟ್ಟಲಿನ ಹಿಡಿಕೋಲನ್ನು ನೀರಿನಲ್ಲಿ ಮುಳುಗಿಸಿ ಒತ್ತಿ ಎಳೆಯಬೇಕು. ಅಡಿಗೆ ಸೋಡಾ ಮತ್ತು ವಿನೆಗರ್‌ಗಳ ನೊರೆಯನ್ನು ನಂಬಬೇಕಿಲ್ಲ. ಅವು ಒಂದನ್ನೊಂದು ತಟಸ್ಥಗೊಳಿಸುತ್ತವೆಯೇ ಹೊರತು ಕೂದಲನ್ನು ಕರಗಿಸವು. ಇಷ್ಟಾದರೂ ಬಗೆಹರಿಯದಿದ್ದರೆ ಕೊಳವೆಯ ಇನ್ನೊಂದು ತುದಿಯನ್ನು ನೋಡಬೇಕು. ತೇವವನ್ನು ಅರಸಿ ಬಂದ ಬೇರೋ, ಮಳೆಗೆ ಕುಸಿದ ಮಣ್ಣೋ ಅಲ್ಲಿ ಬಾಯಿ ಮುಚ್ಚಿರಬಹುದು.

ಸಣ್ಣ ಕಣ್ಣಿನ ಜಾಲರಿಯೊಂದನ್ನು ಕೂರಿಸಿ, ವಾರಕ್ಕೊಮ್ಮೆ ಕೂದಲು ತೆಗೆದರೆ ಈ ತೊಂದರೆ ಹತ್ತಿರ ಸುಳಿಯದು. ತೆಗೆದ ಕೂದಲನ್ನು ಗೊಬ್ಬರಗುಂಡಿಗೆ ಹಾಕಬಹುದು. ಅದರ ತೂಕದಲ್ಲಿ ಸುಮಾರು ಶೇ. 15ರಷ್ಟು ಸಾರಜನಕವಿದೆ, ನಿಧಾನವಾಗಿ ಕೊಳೆತರೂ ಗೊಬ್ಬರವಾಗುತ್ತದೆ. ಬಚ್ಚಲಿಗೆ ಏನನ್ನಾದರೂ ಸುರಿಯುವ ಮುನ್ನ, ಅದನ್ನು ಬಾಳೆಯ ಬುಡಕ್ಕೆ ನೇರವಾಗಿ ಸುರಿಯಲು ಮನಸ್ಸು ಬಂದೀತೇ ಎಂದು ಪ್ರತಿ ಮನೆಯೂ ಕೇಳಿಕೊಳ್ಳಲಿ.