ಒಂದು ಮಗ್ಗಲು ಮೂರು ಮಿನಿಟು

ಓದುಗರು ಸಾವಳಗಿಯ ಒಂದು ಹಳೆಯ ಮಾಳಿಗೆಮನೆಯನ್ನು ಕಣ್ಣಮುಂದೆ ತಂದುಕೊಳ್ಳಲಿ. ಮನೆಯನ್ನು ಇಳಿಸಿ ಹೊಸದಾಗಿ ಕಟ್ಟಿಸಬೇಕೆಂದು ಯಜಮಾನನು ನಿಶ್ಚಯಿಸಿದ್ದಾನೆ. ಜಂತಿಗಳನ್ನು ಕೆಳಗಿಳಿಸುವ ಮುನ್ನ ಅಟ್ಟವನ್ನು ಬರಿದುಮಾಡುವಾಗ ಮೂಲೆಯಿಂದ ಎರಡು ವಸ್ತುಗಳು ಹೊರಬರುತ್ತವೆ. ಒಂದು, ಹಿತ್ತಾಳೆಯ ಕಹಳೆಯುಳ್ಳ ಗ್ರಾಮೊಫೋನು. ಇನ್ನೊಂದು, ತಗಡಿನ ಟ್ರಂಕಿನಲ್ಲಿ ಅಡಕವಾದ ನಲವತ್ತು ಕಪ್ಪು ತಟ್ಟೆಗಳು. ಯಂತ್ರಕ್ಕೆ ಆ ಸಂಜೆಯೇ ಗಿರಾಕಿ ದೊರೆಯುತ್ತಾನೆ. ಪಟ್ಟಣದ ಯಾವುದೋ ಹೋಟೆಲಿನ ಬಾಗಿಲಲ್ಲಿ ಶೋಭೆಗಾಗಿ ಇಡಲು ಅದು ಬೇಕಾಗಿದೆ. ತಟ್ಟೆಗಳನ್ನು ಅವನು ಕಾಲಿನಿಂದ ಪಕ್ಕಕ್ಕೆ ಸರಿಸುತ್ತಾನೆ. “ಈ ಒಡಕ ಪ್ಲೇಟ ಯಾರಿಗೆ ಬೇಕ್ರೀ?”

ಪಡಸಾಲೆಯ ಕಂಬಕ್ಕೆ ಒರಗಿ ಕುಳಿತ ಎಂಬತ್ತೈದರ ತಾಯಿ ಅಷ್ಟರವರೆಗೆ ಸುಮ್ಮನಿದ್ದವಳು ಬಾಯಿ ತೆರೆಯುತ್ತಾಳೆ. “ಮಾರಾಂವ ಮಾರಪಾ ತಮ್ಮಾ. ಮಾರೂದಕ್ಕಿಂತ ಮೊದಲ ಒಂದ್ಸಲ ಹಚ್ಚು. ಕೇಳಿ ಭಾಳ ವರ್ಷಾತು.”

ಮನೆಯು ಊಹೆಯದು, ಆದರೆ ಅಲ್ಲಿ ಎದ್ದ ಪ್ರಶ್ನೆ ಊಹೆಯದಲ್ಲ. ಕಹಳೆಗೆ ಬೆಲೆ ಬಂದು ಕಂಠಕ್ಕೆ ಬೆಲೆಯಿಲ್ಲದಂತಾದ ಕಾಲದಲ್ಲಿ, ಈ ತಟ್ಟೆಗಳನ್ನು ಕೂಡಿಡುವವರು ಯಾವುದನ್ನು ಕಾಯುತ್ತಿದ್ದಾರೆ? ಅದನ್ನು ತಿಳಿಯಬೇಕಾದರೆ ಮೊದಲು ತಟ್ಟೆಯ ಜಾತಕವನ್ನು ತಿಳಿಯಬೇಕು.

ಜನರ ಬಾಯಲ್ಲಿ ‘ಪ್ಲೇಟು’ ಎಂದಾದ ಈ ಹಳೆಯ ಧ್ವನಿಮುದ್ರಿಕೆ ಅರಗಿನಿಂದ ಆದುದು. ಮರದ ಕೊಂಬೆಗಳ ಮೇಲೆ ಕೀಟವೊಂದು ಸ್ರವಿಸುವ ಅರಗಿಗೆ ನುಣ್ಣನೆಯ ಕಲ್ಲುಪುಡಿ, ಹತ್ತಿಯ ಎಳೆ, ಕಾಡಿಗೆ ಇವುಗಳನ್ನು ಬೆರೆಸಿ, ಕಾಯಿಸಿ, ಅಚ್ಚಿನಲ್ಲಿ ಒತ್ತಿ ಅದನ್ನು ಮಾಡುತ್ತಿದ್ದರು. ಹತ್ತು ಅಂಗುಲದ ತಟ್ಟೆ ಮಿನಿಟಿಗೆ 78 ಸುತ್ತು ತಿರುಗಿ, ಒಂದು ಮಗ್ಗಲಿಗೆ ಮೂರು ಮಿನಿಟಿನಷ್ಟು ಹಾಡುತ್ತದೆ. ಅಂದರೆ ಸುಮಾರು 234 ಸುತ್ತುಗಳಲ್ಲಿ ಒಬ್ಬ ಗಾಯಕನು ತನ್ನ ಜನ್ಮದ ಅಭ್ಯಾಸವನ್ನೆಲ್ಲ ಹೇಳಿ ಮುಗಿಸಬೇಕು. ರಾತ್ರಿಯಿಡೀ ರಾಗವನ್ನು ಹಿಗ್ಗಿಸಿ ಹಾಡಬಲ್ಲವರಿಗೆ ಇದು ಸಾಮಾನ್ಯ ಪರೀಕ್ಷೆಯಾಗಿರಲಿಲ್ಲ.

ನಮ್ಮ ದೇಶದಲ್ಲಿ ಈ ಪರೀಕ್ಷೆಗೆ ಮೊದಲು ಕುಳಿತವರಲ್ಲಿ ಗೌಹರ್ ಜಾನ್ ಪ್ರಮುಖಳು. 1902ರ ನವೆಂಬರಿನಲ್ಲಿ ಕಲಕತ್ತೆಗೆ ಬಂದ ಫ್ರೆಡ್ ಗೈಸ್‌ಬರ್ಗ್ ಎಂಬಾತನು ಅವಳ ಕಂಠವನ್ನು ಮುದ್ರಿಸಿಕೊಂಡನು. ದೊಡ್ಡ ದೊಡ್ಡ ಉಸ್ತಾದರು ಯಂತ್ರದ ಮುಂದೆ ಹಾಡಲು ಹಿಂಜರಿಯುತ್ತಿದ್ದಾಗ, ವೃತ್ತಿಗಾಯಕಿಯರಾದ ಸ್ತ್ರೀಯರು ಧೈರ್ಯದಿಂದ ಮುಂದೆ ಬಂದರು. ಅಂದು ಮುದ್ರಿಸಿದ್ದನ್ನು ಜರ್ಮನಿಯ ಹ್ಯಾನೋವರಿಗೆ ಕಳುಹಿಸಿ ತಟ್ಟೆ ಮಾಡಿಸಬೇಕಾಗಿದ್ದಿತು. ಅಲ್ಲಿಯ ಕೆಲಸಗಾರರಿಗೆ ಹಾಡಿದವರು ಯಾರೆಂಬುದು ತಿಳಿಯಲೆಂದು, ಹಾಡು ಮುಗಿದೊಡನೆ ಗೌಹರ್ ಜಾನಳು ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ಗಟ್ಟಿಯಾಗಿ ಕೂಗಿ ಹೇಳುತ್ತಿದ್ದಳು. ಆ ಕೂಗು ಇಂದಿಗೂ ತಟ್ಟೆಯಲ್ಲಿದೆ. ಅವಳು 1928ರಲ್ಲಿ ಮೈಸೂರಿನ ಆಸ್ಥಾನಕ್ಕೆ ಬಂದು, 1930ರಲ್ಲಿ ಅಲ್ಲಿಯೇ ತೀರಿಕೊಂಡಳು. ಕಲಕತ್ತೆಯಲ್ಲಿ ಮೊಳಗಿದ ಕಂಠ ಕನ್ನಡದ ನೆಲದಲ್ಲಿ ಮೌನವಾಯಿತು.

ಆ ಕಾಲದ ಮುದ್ರಣದಲ್ಲಿ ಮೈಕ್ರೊಫೋನು ಇರಲಿಲ್ಲ. ಗಾಯಕರು ಕಹಳೆಯೊಳಗೆ ಮುಖವಿಟ್ಟು ಹಾಡಬೇಕಾಗಿದ್ದಿತು. 1925ರ ಸುಮಾರಿಗೆ ವಿದ್ಯುತ್ತಿನ ಮುದ್ರಣ ಬಂದ ಬಳಿಕವೇ ಮೆಲ್ಲನೆಯ ಸ್ವರವೂ ತಟ್ಟೆಯಲ್ಲಿ ನಿಂತಿತು. ಅಷ್ಟರಲ್ಲಿ ಕಲಕತ್ತೆಯಲ್ಲಿಯೇ ಕಾರ್ಖಾನೆಯಾಗಿ ಹದಿನೇಳು ವರ್ಷ ಕಳೆದಿದ್ದವು. ಹೀಗೆ ತಟ್ಟೆಯು ರಾಜರ ದಿವಾನಖಾನೆಯಿಂದ ವರ್ತಕರ ಅಂಗಡಿಗೆ, ಅಂಗಡಿಯಿಂದ ಊರ ಗೌಡರ ಪಡಸಾಲೆಗೆ ಇಳಿಯಿತು. ಒಬ್ಬರ ಮನೆಯಲ್ಲಿ ಪ್ಲೇಟು ಹಚ್ಚಿದರೆ ಓಣಿಯವರೆಲ್ಲ ಕಟ್ಟೆಯ ಮೇಲೆ ಕುಳಿತು ಕೇಳುವುದು ಹಳ್ಳಿಗಳ ವಾಡಿಕೆಯಾಯಿತು.

ಸಾವಳಗಿಯ ಸುತ್ತಲಿನ ಸೀಮೆಗೆ ಈ ತಟ್ಟೆಗಳೊಡನೆ ವಿಶೇಷವಾದ ನಂಟುಂಟು. ಜಮಖಂಡಿಗೆ ದೂರವಲ್ಲದ ಬೀಳಗಿಯಲ್ಲಿ ಹುಟ್ಟಿದ ಅಕ್ಕತಂಗಿಯರಿಬ್ಬರು, ಗೋಹರಬಾಯಿ ಮತ್ತು ಅಮೀರಬಾಯಿ, ತಮ್ಮ ಹೆಸರಿನ ಮುಂದೆ ‘ಕರ್ನಾಟಕಿ’ ಎಂದು ಬರೆಯಿಸಿಕೊಂಡೇ ಮುಂಬಯಿಯನ್ನು ಗೆದ್ದವರು. ಗೋಹರಬಾಯಿ ಮರಾಠಿ ರಂಗಭೂಮಿಯ ಬಾಲಗಂಧರ್ವರ ಗಾಯನಶೈಲಿಯನ್ನು ತನ್ನದಾಗಿಸಿಕೊಂಡು, ಮುಂದೆ ಅವರ ಜೊತೆಯಲ್ಲಿಯೇ ರಂಗವನ್ನೇರಿದಳು. ಅಮೀರಬಾಯಿ ಚಲಚ್ಚಿತ್ರವನ್ನು ಸೇರಿದಳು. 1943ರ ‘ಕಿಸ್ಮತ್’ ಚಿತ್ರಕ್ಕಾಗಿ ಅನಿಲ್ ಬಿಸ್ವಾಸರ ಸಂಗೀತದಲ್ಲಿ ಅವಳು ಹಾಡಿದ ಹಾಡುಗಳು ದೇಶವನ್ನೆಲ್ಲ ಸುತ್ತಿದವು. ವಿಜಾಪುರದಲ್ಲಿ ಅವಳು ‘ಅಮೀರ್ ಟಾಕೀಜ್’ ಕಟ್ಟಿಸಿದಳು. 1965ರಲ್ಲಿ ಅವಳು ತೀರಿಕೊಂಡ ಬಳಿಕ ನಾಡು ಅವಳನ್ನು ಬಹುಮಟ್ಟಿಗೆ ಮರೆಯಿತು. ರಹಮತ್ ತರೀಕೆರೆಯವರು ಅವಳ ಜೀವನವನ್ನು ಕುರಿತು ಗ್ರಂಥ ಬರೆದ ಮೇಲೆ ಕನ್ನಡಿಗರಿಗೆ ತಮ್ಮ ಸಂಪತ್ತಿನ ನೆನಪಾಯಿತು. ಜೀವನವನ್ನು ಗ್ರಂಥ ತಿಳಿಸಬಲ್ಲದು. ಕಂಠವನ್ನು ತಟ್ಟೆ ಮಾತ್ರವೇ ತಿಳಿಸಬಲ್ಲದು.

ಇಲ್ಲಿಯೇ ಸಂಗ್ರಾಹಕನ ಮೊದಲನೆಯ ಕಷ್ಟ ಎದುರಾಗುತ್ತದೆ. ಕಲಕತ್ತೆಯ ಗೌಹರ್ ಜಾನಳ ತಟ್ಟೆ ಬೇರೆ, ಬೀಳಗಿಯ ಗೋಹರಬಾಯಿಯ ತಟ್ಟೆ ಬೇರೆ. ಹೆಸರು ಹೋಲುವುದರಿಂದ ಒಂದನ್ನು ಇನ್ನೊಂದೆಂದು ತಿಳಿದು ಕೊಂಡವರುಂಟು. ಗಂಗೂಬಾಯಿ ಹಾನಗಲ್ಲರ ಆರಂಭದ ತಟ್ಟೆಗಳ ಮೇಲೆ ‘ಗಾಂಧಾರಿ’ ಎಂಬ ಹೆಸರಿದೆ. ತಿಳಿಯದವನು ಅದನ್ನು ಯಾರದೋ ಎಂದು ಬದಿಗಿಡುತ್ತಾನೆ. ಆದುದರಿಂದ ಬಲ್ಲವರು ನಡುವಿನ ಚೀಟಿಯನ್ನಷ್ಟೇ ನಂಬುವುದಿಲ್ಲ. ತಟ್ಟೆಯನ್ನು ಬೆಳಕಿಗೆ ಓರೆಯಾಗಿ ಹಿಡಿದು, ಚೀಟಿಯ ಅಂಚಿನಲ್ಲಿ ಅರಗಿನ ಮೇಲೆಯೇ ಒತ್ತಿರುವ ಅಂಕೆಗಳನ್ನು ಓದಿ, ಹಳೆಯ ಪಟ್ಟಿಗಳೊಡನೆ ತಾಳೆ ನೋಡುತ್ತಾರೆ. ಇಂತಹ ಕೆಲಸಕ್ಕೆ ನೆರವಾಗಲೆಂದೇ 1990ರಲ್ಲಿ ಮುಂಬಯಿಯಲ್ಲಿ ಭಾರತೀಯ ಧ್ವನಿಮುದ್ರಿಕೆಗಳ ಸಂಗ್ರಾಹಕರ ಸಂಘವೊಂದು ಹುಟ್ಟಿಕೊಂಡಿತು.

ಗಂಗೂಬಾಯಿಯವರ ತಟ್ಟೆಗಳ ಮಾತು ಬಂದಾಗ ಇನ್ನೊಂದು ಸಂಗತಿಯನ್ನು ಹೇಳಲೇಬೇಕು. ಅವರ ಗಂಭೀರವಾದ, ಗಂಡುದನಿಯಂತಹ ಕಂಠ ಎಲ್ಲರಿಗೂ ಪರಿಚಿತ. ಆದರೆ 1930ರ ದಶಕದ ತಟ್ಟೆಗಳಲ್ಲಿ ಕೇಳುವುದು ಬೇರೊಂದು ಕಂಠ: ತೆಳ್ಳಗೆ, ಮೇಲಿನ ಸ್ಥಾಯಿಯಲ್ಲಿ ಸಲೀಸಾಗಿ ಓಡಾಡುವ ಹುಡುಗಿಯ ಕಂಠ. ಗಂಟಲಿನ ಬೇನೆ ಮತ್ತು ಅದಕ್ಕಾದ ಚಿಕಿತ್ಸೆಯ ತರುವಾಯ ಆ ಕಂಠ ಹೋಯಿತು; ಈಗ ಕೇಳುವ ಕಂಠ ಬಂದಿತು. ಆ ಮೊದಲಿನ ಕಂಠ ಅವರ ಬಳಿಯೂ ಉಳಿಯಲಿಲ್ಲ. ಅದು ಇರುವುದು ಅರಗಿನ ಗೆರೆಯಲ್ಲಿ ಮಾತ್ರ. ತಟ್ಟೆ ಕೈಜಾರಿ ಬಿದ್ದರೆ ಒಡೆಯುವುದು ಬರಿಯ ಅರಗಲ್ಲವೆಂಬುದು ಇದರಿಂದ ಮನದಟ್ಟಾಗುತ್ತದೆ.

ಚಿತ್ರಗೀತೆಗಳ ಪಾಡೂ ಹೀಗೆಯೇ. ಕನ್ನಡದ ಮೊದಲ ವಾಕ್ಚಿತ್ರವಾದ 1934ರ ‘ಸತಿ ಸುಲೋಚನ’ದ ಪ್ರತಿಯೇ ಇಂದು ದೊರೆಯುವುದಿಲ್ಲ. ಚಿತ್ರ ನಾಶವಾದರೂ ಅದರ ಹಾಡು ಎಲ್ಲಿಯೋ ಒಂದು ಟ್ರಂಕಿನಲ್ಲಿ ಉಳಿದಿರಬಹುದೆಂಬ ಆಸೆಯೇ ಸಂಗ್ರಾಹಕನನ್ನು ಮುಂಬಯಿಯ ಚೋರ್ ಬಜಾರಿನಿಂದ ಹಳ್ಳಿಯ ಗುಜರಿಯವರೆಗೆ ಅಲೆಯಿಸುತ್ತದೆ.

ತಟ್ಟೆಯೊಂದು ಒಬ್ಬನ ಬಾಳನ್ನೇ ತಿರುಗಿಸಿದ ಉದಾಹರಣೆ ಈ ಸೀಮೆಗೆ ಸಮೀಪದಲ್ಲಿಯೇ ಇದೆ. ಸಾವಳಗಿಯಿಂದ ಹೆಚ್ಚು ದೂರವಲ್ಲದ ಮಿರಜಿನಲ್ಲಿ ನೆಲೆಸಿದ್ದ ಅಬ್ದುಲ್ ಕರೀಮ್ ಖಾನರ ಧ್ವನಿಮುದ್ರಿಕೆಯನ್ನು ಗದಗಿನಲ್ಲಿ ಒಬ್ಬ ಬಾಲಕ ಕೇಳಿದನು. ಹಾಗೆಯೇ ಹಾಡಬೇಕೆಂಬ ಹಂಬಲ ಹತ್ತಿ, 1933ರಲ್ಲಿ ಹನ್ನೊಂದರ ಆ ಹುಡುಗ ಗುರುವನ್ನು ಅರಸುತ್ತ ಮನೆ ಬಿಟ್ಟು ಹೊರಟನು. ಊರೂರು ಸುತ್ತಿ ಕೊನೆಗೆ ಅವನು ಸೇರಿದ್ದು ಕುಂದಗೋಳದ ಸವಾಯಿ ಗಂಧರ್ವರನ್ನು. ಅಂದರೆ ತಟ್ಟೆಯಲ್ಲಿ ಕೇಳಿದ್ದ ಅದೇ ಖಾನ್ ಸಾಹೇಬರ ಶಿಷ್ಯರನ್ನು. ಆ ಹುಡುಗನೇ ಭೀಮಸೇನ ಜೋಶಿ. 1942ರಲ್ಲಿ ಅವರದೇ ಮೊದಲ ತಟ್ಟೆ ಹೊರಬಂದಿತು. ಖಾನ್ ಸಾಹೇಬರು 1937ರಲ್ಲಿಯೇ ತೀರಿಕೊಂಡಿದ್ದರು.

ತಟ್ಟೆಯನ್ನು ಪಡೆಯುವುದು ಅರ್ಧ ಕೆಲಸ. ಅದನ್ನು ನುಡಿಸುವುದು ಉಳಿದ ಅರ್ಧ. ಹಳೆಯ ಯಂತ್ರಕ್ಕೆ ಕೀಲಿ ಕೊಡಬೇಕು. ಉಕ್ಕಿನ ಮುಳ್ಳನ್ನು ಒಂದು ಮಗ್ಗಲಿಗೊಮ್ಮೆ ಬದಲಿಸಬೇಕು. ಅರಗಿನಲ್ಲಿರುವ ಕಲ್ಲುಪುಡಿ ಮುಳ್ಳಿನ ತುದಿಯನ್ನು ಸಾಣೆ ಹಿಡಿದಂತೆ ಸವೆಯಿಸುತ್ತದೆ; ಸವೆದ ಮುಳ್ಳನ್ನೇ ಮತ್ತೆ ಹಚ್ಚಿದರೆ ಅದು ಉಳಿಯಾಗಿ ಗೆರೆಯನ್ನು ಕೆತ್ತಿಬಿಡುತ್ತದೆ. ಒಂದು ಮುಳ್ಳಿನ ಜಿಪುಣತನದಿಂದ ಹಾಳಾದ ತಟ್ಟೆಗಳಿಗೆ ಲೆಕ್ಕವಿಲ್ಲ.

ವೇಗದ್ದು ಇನ್ನೊಂದು ತೊಡಕು. ಎಲ್ಲ ತಟ್ಟೆಗಳೂ ಸರಿಯಾಗಿ 78 ಸುತ್ತಿನವಲ್ಲ, ಮೊದಮೊದಲಿನವು ಹೆಚ್ಚುಕಡಿಮೆಯಾಗಿವೆ. 74ರಲ್ಲಿ ಮುದ್ರಿತವಾದುದನ್ನು 78ರಲ್ಲಿ ತಿರುಗಿಸಿದರೆ ಶ್ರುತಿ ಹೆಚ್ಚುಕಡಿಮೆ ಅರ್ಧ ಸ್ವರದಷ್ಟು ಏರುತ್ತದೆ, ಲಯವೂ ಅವಸರಗೊಳ್ಳುತ್ತದೆ. ಕೇಳುವವನು ಗಾಯಕಿಯ ಕಂಠ ಕೀರಲೆಂದು ಮೂಗು ಮುರಿಯುತ್ತಾನೆ. ದೋಷವಿರುವುದು ಯಂತ್ರವನ್ನು ತಿರುಗಿಸಿದವನಲ್ಲಿ.

ಅರಗಿನ ಬಳಿಕ ವಿನೈಲ್ ಬಂದಿತು. 1948ರಲ್ಲಿ ಅಮೇರಿಕೆಯಲ್ಲಿ ಹೊರಟ ದೀರ್ಘಮುದ್ರಿಕೆ, ಜನ ‘ಎಲ್‌ಪಿ’ ಎನ್ನುವುದು, ಮಿನಿಟಿಗೆ ಮೂವತ್ತಮೂರೂ ಮೂರನೆಯ ಒಂದು ಸುತ್ತು ತಿರುಗಿ ಒಂದು ಮಗ್ಗಲಿಗೆ ಇಪ್ಪತ್ತು ಮಿನಿಟಿಗೂ ಮೇಲೆ ಹಾಡಿತು. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ, ಭೀಮಸೇನರಂತಹವರಿಗೆ ವಿಲಂಬಿತ ಖ್ಯಾಲನ್ನು ಹರವಿ ಹಾಡಲು ಆಗ ಅವಕಾಶ ದೊರೆಯಿತು. ಆದರೆ ವಿನೈಲಿನ ಗೆರೆ ಅರಗಿನದಕ್ಕಿಂತ ಬಹಳ ಸಣ್ಣದು; ಮೈಯೂ ಮೆತ್ತಗಿನದು. ಹಳೆಯ ಗ್ರಾಮೊಫೋನಿನ ತಲೆ ನೂರು ಗ್ರಾಮಿಗೂ ಮೇಲೆ ತೂಗಿದರೆ, ಎಲ್‌ಪಿಯ ಮೇಲೆ ಕುಳಿತುಕೊಳ್ಳುವ ವಜ್ರದ ಮುಳ್ಳಿನ ಭಾರ ಒಂದೂವರೆ ಎರಡು ಗ್ರಾಮು. ವಿನೈಲನ್ನು ಹಳೆಯ ಯಂತ್ರದ ಮೇಲೆ ಒಮ್ಮೆ ತಿರುಗಿಸಿದರೂ ಅದು ಕೆಟ್ಟಂತೆಯೇ. ಅರಗಿನ ತಟ್ಟೆಗೆ ಎಲ್‌ಪಿಯ ಮುಳ್ಳೂ ಸಲ್ಲದು. ಅಗಲವಾದ ಗೆರೆಯ ತಳದಲ್ಲಿ ಅದು ಧೂಳನ್ನು ಮಾತ್ರ ಕೆದಕುತ್ತದೆ.

ಬೇಸಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಈ ಸೀಮೆಯಲ್ಲಿ ಕಾಪಾಡುವುದೂ ಒಂದು ವ್ರತವೇ. ಒಂದರ ಮೇಲೊಂದು ಹೇರಿಟ್ಟ ತಟ್ಟೆಗಳು ಕಾವಿಗೆ ಬಾಗಿ ಹಪ್ಪಳದಂತಾಗುತ್ತವೆ. ಅವನ್ನು ಪುಸ್ತಕಗಳಂತೆ ನೆಟ್ಟಗೆ ನಿಲ್ಲಿಸಬೇಕು. ಮಾಳಿಗೆಯ ಮಣ್ಣು ಗೆರೆಯಲ್ಲಿ ಕುಳಿತಿದ್ದರೆ ಶುದ್ಧವಾದ ನೀರಿಗೆ ಒಂದು ಹನಿ ಮೃದುವಾದ ಸಾಬೂನು ಬೆರೆಸಿ, ಮೆತ್ತನೆಯ ಕುಂಚದಿಂದ ಸುತ್ತಿನ ಗುಂಟ ಒರೆಸಿ, ನಡುವಿನ ಚೀಟಿ ನೆನೆಯದಂತೆ ನೋಡಿಕೊಂಡು ನೆರಳಲ್ಲಿ ಆರಿಸಬೇಕು. ಸ್ಪಿರಿಟು ಸೋಕಿಸಲೇಬಾರದು, ಅದರಲ್ಲಿ ಅರಗು ಕರಗಿಹೋಗುತ್ತದೆ.

ಇಷ್ಟೆಲ್ಲ ಮಾಡಿದರೂ ಒಂದು ಸತ್ಯದಿಂದ ತಪ್ಪಿಸಿಕೊಳ್ಳಲಾಗದು. ತಟ್ಟೆ ಪ್ರತಿಸಲ ಹಾಡಿದಾಗಲೂ ಎಳ್ಳಷ್ಟು ಸವೆಯುತ್ತದೆ. ಕೆಲವರು ಈ ಭಯದಿಂದ ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕುತ್ತಾರೆ. ಆದರೆ ಬೀಗ ಹಾಕಿದ ತಟ್ಟೆಗೂ ಅಟ್ಟದ ಮೇಲಿದ್ದ ತಟ್ಟೆಗೂ ಏನು ವ್ಯತ್ಯಾಸ? ಎರಡೂ ಹಾಡುವುದಿಲ್ಲ. ವಿವೇಕದ ದಾರಿ ಬೇರೆ. ಅಪರೂಪದ ತಟ್ಟೆಯನ್ನು ತೊಳೆದು, ತಕ್ಕ ಮುಳ್ಳಿನಿಂದ, ಹಗುರವಾದ ಯಂತ್ರದ ಮೇಲೆ ನುಡಿಸಿ ಗಣಕಯಂತ್ರಕ್ಕೆ ಇಳಿಸಿಕೊಳ್ಳಬೇಕು; ಆ ಪ್ರತಿಯನ್ನು ನಾಲ್ಕು ಜನಕ್ಕೆ ಹಂಚಬೇಕು; ಆಮೇಲೆ ಮೂಲವನ್ನು ಹಬ್ಬದ ದಿನಕ್ಕೊಮ್ಮೆ, ಕೇಳಬಲ್ಲವರ ನಡುವೆ ನುಡಿಸಬೇಕು. ಯಾರೂ ಕೇಳದೆ ಉಳಿದ ಹಾಡಿಗಿಂತ, ಹತ್ತು ಜನ ಕೇಳಿ ಕೊಂಚ ಸವೆದ ಹಾಡು ಮೇಲು.

ಪ್ರತಿಯೇ ಇರುವಾಗ ಮೂಲವನ್ನು ಹಚ್ಚುವುದೇಕೆ ಎಂದು ಕೇಳುವವರುಂಟು. ಕೈಯಲ್ಲಿರುವ ದೂರವಾಣಿಯಲ್ಲಿ ಸಾವಿರ ಹಾಡುಗಳು ತಾವಾಗಿಯೇ ಸಾಗುತ್ತಿರುತ್ತವೆ. ಮನುಷ್ಯ ಬೇರೆ ಕೆಲಸದಲ್ಲಿ ತೊಡಗಿರುತ್ತಾನೆ. ತಟ್ಟೆ ಹಾಗೆ ಬಿಡುವುದಿಲ್ಲ. ಮೂರು ಮಿನಿಟಿಗೊಮ್ಮೆ ಅದು ಒಬ್ಬನನ್ನು ಎಬ್ಬಿಸುತ್ತದೆ. ಅವನು ಎದ್ದು ತಿರುವಿಹಾಕದಿದ್ದರೆ ಮುಂದಿನ ಹಾಡಿಲ್ಲ. ಕೇಳುವುದಕ್ಕಾಗಿಯೇ ಕುಳಿತುಕೊಳ್ಳುವ ಈ ಅಭ್ಯಾಸವೇ ಸಂಗ್ರಾಹಕನಿಗೆ ದೊರೆಯುವ ದೊಡ್ಡ ಫಲ.

ಇನ್ನು ಸಾವಳಗಿಯ ಆ ಮನೆಗೆ ಮರಳಬಹುದು. ಮಗ ತಟ್ಟೆಯೊಂದನ್ನು ತೊಳೆದು ಆರಿಸಿದ್ದಾನೆ. ಅಂಚಿನಿಂದ ಎರಡು ಅಂಗುಲದವರೆಗೆ ಕೂದಲಿನಂತಹ ಸೀಳಿದೆ. ಟ್ರಂಕಿನ ತಳದ ಡಬ್ಬಿಯಲ್ಲಿ ಹೊಸ ಮುಳ್ಳುಗಳು ಸಿಕ್ಕಿವೆ. ಅವನು ಕೀಲಿ ಕೊಟ್ಟು, ಉಸಿರು ಬಿಗಿಹಿಡಿದು ಮುಳ್ಳನ್ನು ಇಳಿಸುತ್ತಾನೆ. ಮೊದಲು ಮಳೆ ಹೊಯ್ದಂತಹ ಸಪ್ಪಳ. ಸುತ್ತಿಗೊಮ್ಮೆ ಸೀಳಿನ ‘ಟಕ್’. ಅದರ ಹಿಂದಿನಿಂದ ಹೆಣ್ಣಿನ ದನಿಯೊಂದು ಏಳುತ್ತದೆ. ತಾಯಿ ಕಣ್ಣು ಮುಚ್ಚಿದ್ದಾಳೆ. ಎರಡನೆಯ ಸಾಲು ತಟ್ಟೆಯಿಂದ ಬರುವುದಕ್ಕಿಂತ ಮೊದಲೇ ಅವಳ ತುಟಿಯಿಂದ ಬರುತ್ತದೆ. ಕೊಳ್ಳಲು ಬಂದಿದ್ದ ಗಿರಾಕಿ ಸಹ ಚಪ್ಪಲಿ ಬಿಟ್ಟು ಒಳಗೆ ಬಂದು ಕುಳಿತಿದ್ದಾನೆ.

ಹಾಡು ಮುಗಿದು ಮುಳ್ಳು ಒಳಸುತ್ತಿನಲ್ಲಿ ಕರಕರನೆ ಉಜ್ಜತೊಡಗುತ್ತದೆ. ಮಗ ಎದ್ದು ಅದನ್ನು ಎತ್ತುತ್ತಾನೆ.

“ಸೀಳೇತಿ ಯವ್ವಾ. ಸಾಕಿನ್ನ, ಇಡಲೇನು?”

“ಮುಳ್ಳ ಬದಲ ಮಾಡು,” ಎನ್ನುತ್ತಾಳೆ ತಾಯಿ. “ಆ ಮಗ್ಗಲದ್ದೂ ಹಚ್ಚು.”