ನಿಗಾ ಘಟಕದಿಂದ ವಾರ್ಡಿಗೆ ಬಂದವರ ಅಂಜಿಕೆ

ರಟ್ಟೀಹಳ್ಳಿ ಸೀಮೆಯಲ್ಲಿ ಯಾರ ಮನೆಯಲ್ಲಾದರೂ ಜಡ್ಡು ವಿಷಮಿಸಿದರೆ ದಾವಣಗೆರೆ ಇಲ್ಲವೆ ಹುಬ್ಬಳ್ಳಿಯ ದಾರಿ ಹಿಡಿಯುವುದು ವಾಡಿಕೆ. ತೀವ್ರ ನಿಗಾ ಘಟಕದ ಹೊರಗೆ ಕುಳಿತು ಕಳೆದ ರಾತ್ರಿಗಳನ್ನು ಎಷ್ಟೋ ಮನೆತನಗಳು ಮರೆತಿಲ್ಲ. 'ನಾಳೆ ವಾರ್ಡಿಗೆ ಕಳಿಸುತ್ತೇವೆ' ಎಂದು ವೈದ್ಯರು ನುಡಿದೊಡನೆ ನಾವು ಹಿಗ್ಗಿ ಊರಿಗೆ ಸುದ್ದಿ ಮುಟ್ಟಿಸುತ್ತೇವೆ. ಒಳಗೆ ಮಲಗಿದವರಿಗೆ ಏನನ್ನಿಸುತ್ತಿದೆಯೆಂದು ಕೇಳುವವರು ಕಡಿಮೆ.

ನಮಗೆ ಪರಿಚಿತರಾದ ಹಿರಿಯ ರೈತರೊಬ್ಬರು ವಾರ್ಡಿಗೆ ಬಂದ ಮೊದಲ ರಾತ್ರಿ ಕಣ್ಣು ಮುಚ್ಚಲಿಲ್ಲ. 'ಯಂತ್ರದ ಸಪ್ಪಳ ನಿಂತೈತಿ. ನನ್ನ ಉಸಿರು ನಿಂತರ ಯಾರಿಗೆ ತಿಳೀಬೇಕು?' ಎಂದು ಕೇಳಿದರು. ಮನೆಯವರು ನಕ್ಕುಬಿಟ್ಟರು. ಆದರೆ ಅದು ನಗುವ ಮಾತಲ್ಲ. ಘಟಕದಲ್ಲಿ ಒಬ್ಬ ದಾದಿ ಒಬ್ಬಿಬ್ಬರು ರೋಗಿಗಳನ್ನಷ್ಟೇ ನೋಡಿಕೊಳ್ಳುವುದುಂಟು. ವಾರ್ಡಿನಲ್ಲಿ ಹಲವರನ್ನು ನೋಡಬೇಕು. ಉತ್ತರ ಅಮೆರಿಕದ ಶುಶ್ರೂಷಾ ತಜ್ಞರ ಸಂಘವು ಇಂಥ ಕಳವಳವನ್ನು 'ಸ್ಥಳಾಂತರದ ಒತ್ತಡ'ವೆಂದು 1992ರಲ್ಲಿಯೇ ಗುರುತಿಸಿತು.

ಇದಕ್ಕೆ ಮನೆಯವರು ಮಾಡಬಹುದಾದುದು ಬಹಳವಿದೆ. ಸ್ಥಳ ಬದಲಾಗುವ ಮಾತನ್ನು ಸಾಧ್ಯವಾದರೆ ಹಿಂದಿನ ದಿನವೇ ರೋಗಿಗೆ ತಿಳಿಸಬೇಕು. ಯಂತ್ರ ತೆಗೆದದ್ದು ಕೈಬಿಟ್ಟದ್ದರ ಗುರುತಲ್ಲ, ಚೇತರಿಕೆಯ ಗುರುತು ಎಂದು ವೈದ್ಯರ ಬಾಯಿಂದಲೇ ಹೇಳಿಸಬೇಕು. ಹಗಲು ಹೊತ್ತಿನಲ್ಲಿ ಸಾಗಿಸಲು ಆದೀತೇ ಎಂದು ವಿನಯದಿಂದ ಕೇಳಬಹುದು. ಕರೆಗಂಟೆ ಕೈಗೆಟುಕುವಂತಿರಲಿ. ಘಟಕದಲ್ಲಿ ತೆಗೆದಿರಿಸಿದ ಕನ್ನಡಕ, ಶ್ರವಣಯಂತ್ರ, ಇಷ್ಟಲಿಂಗದ ಕರಡಿಗೆಗಳನ್ನು ದಾದಿಯರನ್ನು ಕೇಳಿ ಮರಳಿ ಕೊಡೋಣ. ತಮ್ಮ ವಸ್ತು ಕೈಸೇರಿದರೆ ಜೀವಕ್ಕೆ ನೆಮ್ಮದಿ.

ಕೆಲವರು ಇಲ್ಲದ್ದನ್ನು ಕಂಡೆವೆನ್ನುತ್ತಾರೆ. ಕೆಲವರಿಗೆ ಆ ದಿನಗಳ ನೆನಪೇ ಇರುವುದಿಲ್ಲ. ಇದು ಗಾಳಿಸೋಕೂ ಅಲ್ಲ, ಹುಚ್ಚೂ ಅಲ್ಲ. ಕಾಯಿಲೆ, ಮತ್ತು ಬರಿಸುವ ಔಷಧಿ, ನಿದ್ದೆಗೇಡು ಇವುಗಳಿಂದ ಹೀಗಾಗುತ್ತದೆ. ಯುರೋಪಿನ ಕೆಲವು ದೇಶಗಳಲ್ಲಿ ದಾದಿಯರೂ ಮನೆಯವರೂ ಸೇರಿ ರೋಗಿಯ ದಿನಚರಿ ಬರೆದಿಟ್ಟು, ಆಮೇಲೆ ಓದಲು ಕೊಡುತ್ತಾರೆ. ನಾವೂ ಒಂದು ನೋಟುಬುಕ್ಕಿನಲ್ಲಿ ಬರೆದಿಡಬಹುದು. ಆದರೆ ಉಸಿರಾಟ ಕಷ್ಟವಾದರೆ, ಗೊಂದಲ ಹೆಚ್ಚಿದರೆ, ಬರಿಯ ಅಂಜಿಕೆಯೆಂದು ಸುಮ್ಮನಿರದೆ ತಕ್ಷಣ ದಾದಿಯನ್ನು ಕರೆಯಬೇಕು. ಮನೆಗೆ ಬಂದ ವಾರಗಳ ಮೇಲೂ ದುಃಸ್ವಪ್ನ, ಮಂಕು ಬಿಡದಿದ್ದರೆ ವೈದ್ಯರಿಗೆ ತಿಳಿಸಲು ನಾಚಿಕೆ ಬೇಡ.

ಆ ರೈತರ ಮಗ ಮರುದಿನ ತಂದೆಯ ಮಂಚದ ಪಕ್ಕ ಕುಳಿತು, ಆಸ್ಪತ್ರೆಗೆ ತಂದ ಗಳಿಗೆಯಿಂದ ನಡೆದುದೆಲ್ಲವನ್ನೂ ನಿಧಾನವಾಗಿ ಹೇಳಿದನು. 'ಹಂಗಾದರ ಇಷ್ಟೂ ದಿನ ನೀವು ಹೊರಗ ಇದ್ರಿ?' ಎಂದರು ಹಿರಿಯರು. ಆ ರಾತ್ರಿ ಅವರಿಗೆ ನಿದ್ದೆ ಬಂದಿತು.