ಕೊಟ್ಟ ಮಾತೇ ಬಂಡವಾಳ

ಮನುಷ್ಯನು ಗಳಿಸುವ ಆಸ್ತಿಗಳಲ್ಲಿ ಕಣ್ಣಿಗೆ ಕಾಣುವವು ಕೆಲವು, ಕಾಣದವು ಕೆಲವು. ಹೊಲ, ಮನೆ, ತೆಂಗಿನ ತೋಟಗಳು ಕಾಣುವ ಆಸ್ತಿಗಳು. ಆಡಿದ ಮಾತನ್ನು ನಡೆಸಿಕೊಡುವವನೆಂಬ ಹೆಸರು ಕಾಣದ ಆಸ್ತಿ. ಈ ಹೆಸರನ್ನು ನಂಬಿ ಇತರರು ಸಾಲ ಕೊಡಲು ಮುಂದಾಗುವುದಕ್ಕೆ ವ್ಯವಹಾರದಲ್ಲಿ ‘ಪತ್ತು’ ಎನ್ನುತ್ತಾರೆ. ಸ್ವಂತ ಬದುಕನ್ನು ಆರಂಭಿಸುವ ತರುಣ ತರುಣಿಯರು ಹಣಕ್ಕಿಂತ ಮೊದಲು ಗಳಿಸಬೇಕಾದುದು ಇದನ್ನೇ.

ಪತ್ತು ಇಂದು ನಿನ್ನೆಯ ವಿಷಯವಲ್ಲ. ಬೇಲೂರು, ಹಳೇಬೀಡು, ಅರಸೀಕೆರೆಗಳ ದೇವಾಲಯಗಳಿಗೆ ಹೋದವರು ಶಿಲ್ಪಗಳನ್ನು ಕಂಡು ಬೆರಗಾಗುತ್ತಾರೆ. ಶಾಸನಗಳ ಕಡೆಗೆ ಗಮನ ಹರಿಸುವವರು ವಿರಳ. ದಾನಿಯೊಬ್ಬನು ಇಂತಿಷ್ಟು ಗದ್ಯಾಣಗಳನ್ನು ಮೂಲಧನವಾಗಿಟ್ಟು, ಅದರ ಬಡ್ಡಿಯಿಂದ ದೇವರ ದೀಪವೋ ನೈವೇದ್ಯವೋ ನಡೆಯಬೇಕೆಂದು ವಿಧಿಸಿದ ನಿದರ್ಶನಗಳು ಹೊಯ್ಸಳರ ಕಾಲದ ಶಾಸನಗಳಲ್ಲಿವೆ. ಹಣವನ್ನು ವಹಿಸಿಕೊಂಡವರು ಸೂರ್ಯಚಂದ್ರರಿರುವ ತನಕ ಆ ಹೊಣೆಯನ್ನು ಹೊರಬೇಕಾಗಿತ್ತು. ಹೀಗೆ ಕೊಟ್ಟ ಮಾತು ಊರವರೆಲ್ಲ ಕಾಣುವಂತೆ ಕಲ್ಲಿನ ಮೇಲೆ ನಿಲ್ಲುತ್ತಿತ್ತು.

ಕಾಲ ಬದಲಾದಂತೆ ಕಲ್ಲಿನ ಸ್ಥಾನಕ್ಕೆ ಪುಸ್ತಕ ಬಂದಿತು. 1905ರಲ್ಲಿ ಗದಗಿನ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಪತ್ತಿನ ಸಹಕಾರ ಸಂಘವನ್ನು ಸ್ಥಾಪಿಸಿದರು. ಅದು ದೇಶದ ಮೊಟ್ಟಮೊದಲ ಕೃಷಿ ಪತ್ತಿನ ಸಹಕಾರ ಸಂಘವೆಂದು ಹೆಸರಾಗಿದೆ. ಒಬ್ಬೊಬ್ಬನೇ ಹೋದರೆ ಲೇವಾದೇವಿಗಾರನ ಬಡ್ಡಿಗೆ ಸಿಲುಕುತ್ತಿದ್ದ ರೈತರು, ಒಟ್ಟಾಗಿ ಒಬ್ಬರಿಗೊಬ್ಬರು ಹೊಣೆಯಾಗುವುದೇ ಇಂತಹ ಸಂಘಗಳ ತಿರುಳಾಗಿತ್ತು. 1992ರಿಂದ ಸ್ವಸಹಾಯ ಸಂಘಗಳನ್ನು ಬ್ಯಾಂಕುಗಳೊಡನೆ ಜೋಡಿಸಿದಾಗಲೂ ಇದೇ ತತ್ತ್ವ ಫಲ ನೀಡಿತು. ಅಡವಿಡಲು ಏನೂ ಇಲ್ಲದ ಮಹಿಳೆಯರು ವಾರವಾರವೂ ಚಿಕ್ಕ ಮೊತ್ತವನ್ನು ಉಳಿಸಿ, ಪಡೆದ ಸಾಲವನ್ನು ತಪ್ಪದೆ ತೀರಿಸಿ, ಬ್ಯಾಂಕಿನ ವಿಶ್ವಾಸಕ್ಕೆ ಪಾತ್ರರಾದರು. ಪತ್ತು ಸಿರಿವಂತರ ಸೊತ್ತಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಈಗ ಆ ಪುಸ್ತಕದ ಕೆಲಸವನ್ನು ಗಣಕಯಂತ್ರಗಳು ಮಾಡುತ್ತಿವೆ. 2000ದಲ್ಲಿ ಸ್ಥಾಪನೆಯಾದ ಸಿಬಿಲ್ ಮತ್ತು ಅದರಂತಹ ಇತರ ಸಂಸ್ಥೆಗಳು, ಯಾರು ಎಷ್ಟು ಸಾಲ ಪಡೆದರು, ಕಂತುಗಳನ್ನು ಗಡುವಿನೊಳಗೆ ಕಟ್ಟಿದರೇ ಎಂಬುದನ್ನು ದಾಖಲಿಸುತ್ತವೆ. 300ರಿಂದ 900ರವರೆಗಿನ ಅಂಕಗಳಲ್ಲಿ ಅದನ್ನು ಅಳೆಯುತ್ತವೆ. ಹಳೇಬೀಡಿನ ಯುವಕನೊಬ್ಬನು ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರ ಹೂಡಲು ಬ್ಯಾಂಕಿನಲ್ಲಿ ಸಾಲ ಕೇಳಿದನೆಂದು ಭಾವಿಸೋಣ. ಹಿಂದೆ ಅಂಗಡಿಯ ಸಾಹುಕಾರನು ಅವನ ತಂದೆಯ ಮುಖ ನೋಡಿ ಉದ್ದರಿ ಕೊಡುತ್ತಿದ್ದನು. ಬ್ಯಾಂಕಿನ ಅಧಿಕಾರಿಗೆ ಆ ಪರಿಚಯವಿಲ್ಲ. ಅವನು ನೋಡುವುದು ದಾಖಲೆಯನ್ನು. ಎಂದೋ ಕೊಂಡ ಮೊಬೈಲಿನ ಕಂತುಗಳನ್ನು ಯುವಕನು ಅಲಕ್ಷಿಸಿದ್ದರೆ, ಆ ಸಣ್ಣ ಬಾಕಿಯೇ ದೊಡ್ಡ ಅವಕಾಶಕ್ಕೆ ಅಡ್ಡ ಬಂದೀತು.

ಸಾಲವೇ ಶೂಲ, ಅದರ ಗೊಡವೆಯೇ ಬೇಡವೆಂದು ಹಿರಿಯರು ಹೇಳುವುದುಂಟು. ಬಡ್ಡಿಯ ಬಲೆಯಲ್ಲಿ ನೊಂದವರ ಮಾತದು. ಅದನ್ನು ಹಗುರಾಗಿ ಕಾಣಬಾರದು. ಆದರೆ ದುಡಿಮೆಗಾಗಿ ಮಾಡಿದ ಸಾಲವೂ ಆಡಂಬರಕ್ಕಾಗಿ ಮಾಡಿದ ಸಾಲವೂ ಒಂದೇ ಅಲ್ಲ. ಹಸು ಕೊಳ್ಳಲು ಪಡೆದ ಸಾಲವನ್ನು ಹಾಲು ತೀರಿಸಬಲ್ಲದು. ಮದುವೆಯ ವೈಭವಕ್ಕೆ ಪಡೆದುದನ್ನು ಯಾವುದು ತೀರಿಸೀತು? ತೀರಿಸುವ ದಾರಿ ಮೊದಲು, ಸಾಲ ಅನಂತರ ಎಂಬುದೇ ವಿವೇಕ.

ಪತ್ತನ್ನು ಬೆಳೆಸುವ ಮಾರ್ಗ ಸರಳವಾದುದು, ಆದರೆ ನಿಧಾನವಾದುದು. ಹಾಸಿಗೆಯಿದ್ದಷ್ಟು ಕಾಲು ಚಾಚಿ, ಚಿಕ್ಕ ಸಾಲವನ್ನು ಪಡೆದು, ಗಡುವಿನ ದಿನಕ್ಕೆ ಮೊದಲೇ ಕಂತು ಕಟ್ಟಬೇಕು. ಕ್ರೆಡಿಟ್ ಕಾರ್ಡ್ ಇದ್ದಲ್ಲಿ, ತಿಂಗಳ ಬಾಕಿಯನ್ನು ಪೂರ್ತಿಯಾಗಿ ಸಲ್ಲಿಸಬೇಕು. ಕನಿಷ್ಠ ಮೊತ್ತವನ್ನಷ್ಟೇ ಕಟ್ಟಿದವನಿಗೆ ಬಡ್ಡಿ ಬೆಳೆಯುತ್ತಲೇ ಹೋಗುತ್ತದೆ. ಸ್ನೇಹದ ದಾಕ್ಷಿಣ್ಯಕ್ಕೆ ಜಾಮೀನು ಹಾಕುವ ಮುನ್ನ ಯೋಚಿಸಬೇಕು: 1872ರ ಕರಾರು ಕಾಯಿದೆಯ ಪ್ರಕಾರ, ಸಾಲಗಾರನಿಗಿರುವಷ್ಟೇ ಹೊಣೆ ಸಾಮಾನ್ಯವಾಗಿ ಜಾಮೀನುದಾರನಿಗೂ ಇದೆ. ತನ್ನ ದಾಖಲೆಯನ್ನು ವರ್ಷಕ್ಕೊಮ್ಮೆ ಉಚಿತವಾಗಿ ಪಡೆದು ನೋಡಿ, ತಪ್ಪಿದ್ದರೆ ತಿದ್ದಿಸುವ ಹಕ್ಕು ಪ್ರತಿಯೊಬ್ಬನಿಗೂ ಉಂಟು.

ಪ್ರಾಮಾಣಿಕನಿಗೂ ಕಷ್ಟ ಬರುತ್ತದೆ. ಮಳೆ ಕೈಕೊಡಬಹುದು, ಕೊಬ್ಬರಿಯ ಧಾರಣೆ ಕುಸಿಯಬಹುದು. ಅಂಕಗಳಿಗೆ ಈ ಕಣ್ಣೀರಿನ ಅರಿವಿಲ್ಲ. ಅವು ಮನುಷ್ಯನ ಯೋಗ್ಯತೆಯ ಪೂರ್ಣ ಅಳತೆಯೂ ಅಲ್ಲ. ಅಂತಹ ಸಮಯದಲ್ಲಿ ಮುಖ ಮರೆಸಿಕೊಳ್ಳುವುದು ತರವಲ್ಲ. ಗಡುವು ಮುಗಿಯುವ ಮೊದಲೇ ಸಂಘಕ್ಕೋ ಬ್ಯಾಂಕಿಗೋ ಹೋಗಿ ಸಂಗತಿಯನ್ನು ತಿಳಿಸಿ, ಕಾಲಾವಕಾಶವನ್ನು ಕೇಳುವುದು ಮರ್ಯಾದೆಯ ಮಾರ್ಗ. ಒಂದು ಸಾಲವನ್ನು ತೀರಿಸಲು ಮತ್ತೊಂದು ಸಾಲ ಮಾಡುವುದು ಬೆಂಕಿಗೆ ತುಪ್ಪ ಸುರಿದಂತೆ.

ಶಾಲೆಯ ದಿನಗಳಲ್ಲಿ ಯಾರಿಗೂ ಸಾಲದ ಅಗತ್ಯವಿಲ್ಲ. ಆದರೆ ಪತ್ತಿನ ಅಭ್ಯಾಸಕ್ಕೆ ಇದೇ ಸಕಾಲ. ಗೆಳೆಯನಿಂದ ತಂದ ಪುಸ್ತಕವನ್ನು ಹೇಳಿದ ದಿನವೇ ಹಿಂದಿರುಗಿಸುವ ಬಾಲಕನು, ಅಂಚೆ ಕಚೇರಿಯ ಖಾತೆಗೆ ತಿಂಗಳು ತಿಂಗಳೂ ಹತ್ತು ರೂಪಾಯಿ ಕಟ್ಟುವ ಬಾಲಕಿಯು ಅರಿಯದೆಯೇ ಆ ಬಂಡವಾಳವನ್ನು ಕೂಡಿಸುತ್ತಿದ್ದಾರೆ. ಕಲ್ಲಿನಲ್ಲಿ ಕೊರೆದರೂ, ಪುಸ್ತಕದಲ್ಲಿ ಬರೆದರೂ, ಯಂತ್ರದಲ್ಲಿ ದಾಖಲಿಸಿದರೂ ಮಾತನ್ನು ಉಳಿಸಿಕೊಳ್ಳಬೇಕಾದವನು ಮನುಷ್ಯನೇ.